ಉಕ್ಕಿನ ಹೊಟ್ಟೆಯೊಳಗಿನ ಕಲ್ಲು

ಕೊಡಗಿನಲ್ಲಿ ರೈಲಿಲ್ಲ. ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತಿದು. ಅದರಲ್ಲೂ ನಮ್ಮ ಕರಿಕೆ ಕೊಡಗಿನ ಪಡುವಣ ಅಂಚಿನ ಊರು. ಭಾಗಮಂಡಲದಿಂದ ತಿರುವು ಎಣಿಸುತ್ತಾ ಘಟ್ಟ ಇಳಿದರೆ ಕರಿಕೆ, ಇನ್ನೂ ಇಳಿದರೆ ಕೇರಳದ ಪಾಣತ್ತೂರು. ರೈಲು ಹತ್ತಬೇಕಾದರೆ ಅಲ್ಲಿಂದ ಮತ್ತೆ ಬಸ್ಸಿನಲ್ಲಿ ಹೊಸದುರ್ಗಕ್ಕೆ, ಅಂದರೆ ಕಾಞಂಗಾಡಿಗೆ ಹೋಗಬೇಕು. ಆ ಕರಾವಳಿಯ ರೈಲುಹಾದಿ ಮಂಗಳೂರು ಮುಟ್ಟಿದ್ದು 1907ರಲ್ಲಿ. ಕಾಞಂಗಾಡಿನಿಂದ ಪಾಣತ್ತೂರಿನ ಮೇಲೆ ಕಾಣಿಯೂರಿಗೆ ರೈಲು ಬೇಕೆಂದು ಜನ ಕೇಳಿದ್ದುಂಟು, ಸರ್ವೆ ನಡೆದದ್ದೂ ಉಂಟು. ಹಳಿ ಮಾತ್ರ ಬಿದ್ದಿಲ್ಲ.

ಹೀಗಿದ್ದರೂ ನಮ್ಮ ಮನೆಯಲ್ಲಿ ರೈಲಿನ ಮಾತಿಗೆ ಬರವಿರಲಿಲ್ಲ. ದೊಡ್ಡಪ್ಪ ಘಟ್ಟದ ಆಚೆಯ ಒಂದು ಮೀಟರ್ ಗೇಜ್ ಹಾದಿಯಲ್ಲಿ ಮೊದಲು ಗ್ಯಾಂಗ್‌ಮನ್, ಆಮೇಲೆ ಕೀಮನ್ ಆಗಿ ದುಡಿದವರು. ನಿವೃತ್ತರಾಗಿ ಊರಿಗೆ ಬಂದಾಗ ಟ್ರಂಕಿನ ಜೊತೆಗೆ ಲಾರಿಯಲ್ಲಿ ಒಂದು ಹಳೆಯ ಉಕ್ಕಿನ ಸ್ಲೀಪರನ್ನೂ ತಂದಿದ್ದರು. ಗುಜರಿಯವನಿಂದ ಬಿಲ್ಲು ಸಮೇತ ಕೊಂಡದ್ದು ಎಂದು, ಯಾರೂ ಕೇಳದಿದ್ದರೂ, ಎಲ್ಲರಿಗೂ ಹೇಳುತ್ತಿದ್ದರು. ಅದು ಹಟ್ಟಿಯ ಮುಂದಿನ ಚರಂಡಿಗೆ ಸಂಕವಾಯಿತು. ರೈಲು ಎಂದರೆ ನಮಗೆ ಇಂಜಿನ್ನು, ಹೊಗೆ, ಕೂಗು. ದೊಡ್ಡಪ್ಪನಿಗೆ ರೈಲು ಎಂದರೆ ಸ್ಲೀಪರು ಮತ್ತು ಅದರ ಕೆಳಗಿನ ಜಲ್ಲಿ. ಅವರ ಪ್ರಕಾರ ಇಂಜಿನ್ನಿನವರು ಬಂದು ಹೋಗುವ ನೆಂಟರು, ಮನೆಯವರು ಸ್ಲೀಪರುಗಳು.

ಹಳಿಯ ಅಡಿಯಲ್ಲಿ ಅಡ್ಡವಾಗಿ ಮಲಗಿರುವುದರಿಂದಲೇ ಅದಕ್ಕೆ ಸ್ಲೀಪರು ಎಂಬ ಹೆಸರು ಬಂದಿರಬೇಕು ಎಂದು ನಾವು ತಿಳಿದಿದ್ದೆವು. ಆದರೆ ಅದನ್ನು ಮಲಗಿದಲ್ಲೇ ಮಲಗಿಸಿಡುವುದು ಎಷ್ಟು ಕಷ್ಟ ಎಂಬುದು ದೊಡ್ಡಪ್ಪನ ಮಾತು ಕೇಳಿದ ಮೇಲೆ ತಿಳಿಯಿತು. ರೈಲು ಮೇಲೆ ಹಾದಾಗಲೆಲ್ಲ ಅದು ಜಲ್ಲಿಯೊಳಗೆ ಇಳಿಯಲು ನೋಡುತ್ತದೆ. ತಿರುವಿನಲ್ಲಿ ಗಾಡಿ ಹೊರಕ್ಕೆ ಒತ್ತುವುದರಿಂದ ಅಡ್ಡಕ್ಕೆ ಜರುಗಲು ನೋಡುತ್ತದೆ. ಬ್ರೇಕಿನ ಎಳೆತ, ಚಕ್ರದ ನೂಕು, ಬಿಸಿಲಿನ ಹಿಗ್ಗು ಸೇರಿ ಹಳಿ ಉದ್ದಕ್ಕೆ ತೆವಳಿದರೆ ಅದರ ಜೊತೆಗೆ ಸ್ಲೀಪರೂ ತೆವಳುತ್ತದೆ. ಕೆಳಕ್ಕೆ, ಪಕ್ಕಕ್ಕೆ, ಉದ್ದಕ್ಕೆ: ಈ ಮೂರು ದಿಕ್ಕಿನ ಓಟವನ್ನು ತಡೆಯುವುದೇ ರೈಲುಹಾದಿಯ ಅರ್ಧ ಚರಿತ್ರೆ ಎಂದರೆ ಅತಿಶಯವಲ್ಲ.

ಮೊದಲು ಇದ್ದದ್ದು ಮರದ ಸ್ಲೀಪರು. ಮರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಭಾರದ ಕೆಳಗೆ ಜಲ್ಲಿಯ ಮೂಲೆಗಳು ಮರದ ಹೊಟ್ಟೆಗೆ ಚುಚ್ಚಿಕೊಂಡು ಕಚ್ಚಿ ಹಿಡಿಯುತ್ತಿದ್ದವು. ನಮ್ಮ ದೇಶದಲ್ಲಿ 1853ರಲ್ಲಿ ಮುಂಬಯಿಯಿಂದ ಠಾಣೆಗೆ, 1856ರಲ್ಲಿ ಮದರಾಸಿನ ರಾಯಪುರದಿಂದ ವಾಲಾಜಾ ಕಡೆಗೆ ರೈಲು ಓಡಿತು. ಒಂದು ಮೈಲಿಗೆ ಸುಮಾರು 2,000 ಸ್ಲೀಪರು ಬೇಕು. ಅವೂ ಶಾಶ್ವತವಲ್ಲ. ಮಳೆ, ಬಿಸಿಲು, ಗೆದ್ದಲು ಸೇರಿ ಕೆಲವೇ ವರ್ಷಗಳಲ್ಲಿ ತಿಂದು ಮುಗಿಸುತ್ತಿದ್ದವು, ಮತ್ತೆ ಅಷ್ಟೇ ಮರ ಬೇಕಾಗುತ್ತಿತ್ತು. ಪಶ್ಚಿಮ ಘಟ್ಟದ ಕಾಡುಗಳ ಮೇಲೆ ಕೊಡಲಿ ಬಿದ್ದ ಕಾರಣಗಳಲ್ಲಿ ಇದೂ ಒಂದು. ಹಿಂದೆ ಶಿವಮೊಗ್ಗದಲ್ಲಿ ವೈದ್ಯನಾಗಿದ್ದ, ಗಿಡಮರಗಳ ಹುಚ್ಚು ಹಚ್ಚಿಕೊಂಡಿದ್ದ ಸ್ಕಾಟ್ಲೆಂಡಿನ ಹ್ಯೂ ಕ್ಲೆಗ್‌ಹಾರ್ನ್ 1856ರಲ್ಲಿ ಮದರಾಸು ಪ್ರಾಂತ್ಯದ ಅರಣ್ಯ ಸಂರಕ್ಷಕನಾದ. 1861ರಲ್ಲಿ ದಕ್ಷಿಣ ಭಾರತದ ಕಾಡುಗಳ ಬಗ್ಗೆ ಪುಸ್ತಕ ಬರೆದ. ಅವನ ಚಿಂತೆಗಳಲ್ಲಿ ರೈಲ್ವೆಯ ಮರದ ಹಸಿವೂ ಸೇರಿತ್ತು.

ಮರ ಸಾಲದಾದಾಗ ಕಬ್ಬಿಣ ಬಂತು. ಇಂಗ್ಲೆಂಡಿನ ಗ್ರೀವ್ಸ್ ಎಂಬ ಇಂಜಿನಿಯರು 1846ರಲ್ಲಿ ಎರಕದ ಕಬ್ಬಿಣದ ಬೋಗುಣಿಯಂಥ ಸ್ಲೀಪರಿಗೆ ಪೇಟೆಂಟು ಪಡೆದಿದ್ದ. ಬೋಗುಣಿಯನ್ನು ಕವುಚಿ ಹಾಕಿ ಅದರ ಬೆನ್ನಿನ ಮೇಲೆ ಹಳಿ ಕೂರಿಸುವುದು. ಎರಡು ಹಳಿಗೆ ಎರಡು ಬೋಗುಣಿ, ನಡುವೆ ಜೋಡಿಸುವ ಒಂದು ಪಟ್ಟಿ. ಮರವಿಲ್ಲದ ಈಜಿಪ್ಟಿನಲ್ಲಿ ರಾಬರ್ಟ್ ಸ್ಟೀಫನ್‌ಸನ್ ಹಾಕಿದ ಅಲೆಕ್ಸಾಂಡ್ರಿಯಾ–ಕೈರೋ ಹಾದಿಯಲ್ಲಿ ಇವು ಬಂದವು, ಗೆದ್ದಲಿನ ನಾಡಾದ ಭಾರತದಲ್ಲೂ ಬಂದವು. ಆ ಬೋಗುಣಿಯ ನೆತ್ತಿಯಲ್ಲಿ ತೂತು ಇರುತ್ತಿತ್ತು. ಅದರ ಮೂಲಕ ಒಳಗೆ ಮರಳು, ಜಲ್ಲಿ ತುರುಕಿ ಗುದ್ದುತ್ತಿದ್ದರು. ಒಳಗೆ ತುಂಬದಿದ್ದರೆ ಲೋಹದ ಸ್ಲೀಪರು ನಿಲ್ಲುವುದಿಲ್ಲ ಎಂಬ ತಿಳಿವಳಿಕೆ ಆ ತೂತಿನಲ್ಲೇ ಇದೆ.

ಆಮೇಲೆ ಬಂದದ್ದು ದೋಣಿಯ ಆಕಾರ. 1860ರ ದಶಕದಲ್ಲಿ ಫ್ರಾನ್ಸಿನ ವೊತೆರ್ಯಾಂ ಎಂಬವನು ಕಬ್ಬಿಣದ ತಗಡನ್ನು ಮರಿಗೆಯಂತೆ ಬಗ್ಗಿಸಿ, ಮಗುಚಿ ಹಾಕಿ ಸ್ಲೀಪರು ಮಾಡಿದ. ಮೊದಮೊದಲು ಅದರ ಎರಡು ತುದಿಗಳೂ ತೆರೆದೇ ಇದ್ದವು. ತುದಿ ತೆರೆದ ಮರಿಗೆಯಲ್ಲಿ ನೀರು ನಿಂತೀತೇ? ಜಲ್ಲಿಯೂ ನಿಲ್ಲಲಿಲ್ಲ. ತಿರುವುಗಳಲ್ಲಿ ಸ್ಲೀಪರು ಪಕ್ಕಕ್ಕೆ ಜಾರುತ್ತಿತ್ತು. ಹಾಗಾಗಿ ತುದಿಗಳನ್ನು ಸಲಿಕೆಯ ಬಾಯಿಯಂತೆ ಕೆಳಕ್ಕೆ ಬಗ್ಗಿಸಿ ಮುಚ್ಚುವುದು ರೂಢಿಗೆ ಬಂತು. ಆ ಒಂದು ಬಾಗು ದೊಡ್ಡ ಸಂಶೋಧನೆಯಂತೆ ಕಾಣುವುದಿಲ್ಲ. ಆದರೆ ಲೋಹದ ಸ್ಲೀಪರು ಅಡ್ಡಕ್ಕೆ ಹೋಗದೆ ನಿಂತದ್ದು ಬಹುಮಟ್ಟಿಗೆ ಅದರಿಂದಲೇ. ಜರುಗಲು ಹೊರಟರೆ ಒಂದು ತುದಿಯ ಸಲಿಕೆ ಹೊರಗಿನ ಜಲ್ಲಿಯನ್ನು ನೂಕಬೇಕು, ಇನ್ನೊಂದು ತುದಿಯ ಸಲಿಕೆ ಒಳಗಿನ ಜಲ್ಲಿಯನ್ನು ಎಳೆಯಬೇಕು.

ಇದಕ್ಕೂ ಕಾಡಿಗೂ ಇರುವ ನಂಟು ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. ಅಮೆರಿಕದಲ್ಲಿ ಟ್ರ್ಯಾಟ್‌ಮನ್ ಎಂಬ ಇಂಜಿನಿಯರು ಲೋಕದ ಲೋಹದ ಸ್ಲೀಪರುಗಳ ಮೇಲೆ 1890ರಲ್ಲೊಂದು, 1894ರಲ್ಲೊಂದು ವರದಿ ಬರೆದ. ಅವನ್ನು ಬರೆಸಿದ್ದು ರೈಲ್ವೆ ಕಂಪೆನಿಯಲ್ಲ, ಆ ದೇಶದ ಕೃಷಿ ಇಲಾಖೆಯ ಅರಣ್ಯ ವಿಭಾಗ. ಕಾಡು ಉಳಿಯಬೇಕಾದರೆ ಹಳಿಯ ಅಡಿಯಿಂದ ಮರ ಹೋಗಬೇಕು ಎಂಬುದು ಅದರ ಮುಖ್ಯಸ್ಥ ಫೆರ್ನೋ ಅವರ ಯೋಚನೆ. ಆ ಹೊತ್ತಿಗಾಗಲೇ ಲೋಹದ ಸ್ಲೀಪರು ಹೆಚ್ಚಾಗಿ ಬಳಸುವ ದೇಶಗಳಲ್ಲಿ ಭಾರತವೂ ಒಂದಾಗಿತ್ತು.

ದೊಡ್ಡಪ್ಪನಿಗೆ ಗ್ರೀವ್ಸನೂ ಗೊತ್ತಿಲ್ಲ, ಟ್ರ್ಯಾಟ್‌ಮನ್ನೂ ಗೊತ್ತಿಲ್ಲ. ಆದರೆ ಅವರು ಹೇಳುತ್ತಿದ್ದುದರಲ್ಲಿ ಆ ವರದಿಗಳ ಸಾರವೆಲ್ಲ ಇತ್ತು. ಒಮ್ಮೆ ನಾನು ಕೇಳಿದೆ, "ದೊಡ್ಡಪ್ಪ, ಇಬ್ಬರು ಎತ್ತಿ ತಂದು ಸಂಕಕ್ಕೆ ಹಾಕಿದ ಈ ತಗಡು ರೈಲನ್ನು ಹೇಗೆ ಹಿಡಿಯುತ್ತದೆ?" ಅವರು ನಕ್ಕರು. "ತಗಡು ಏನೂ ಹಿಡಿಯುವುದಿಲ್ಲ ಮಗಾ. ಹಿಡಿಯುವುದು ಕಲ್ಲು. ತಗಡು ಇರುವುದು ಕಲ್ಲನ್ನು ಒಳಗೆ ಹಿಡಿದಿಡಲಿಕ್ಕೆ."

ಇದು ಮಾತಿನ ಚಮತ್ಕಾರವಲ್ಲ. ಉಕ್ಕಿನ ಮೈ ನುಣುಪು. ಮರಕ್ಕೆ ಚುಚ್ಚುವಂತೆ ಜಲ್ಲಿ ಅದಕ್ಕೆ ಚುಚ್ಚಲಾರದು. ಆದರೆ ಮಗುಚಿದ ದೋಣಿಯ ಒಳಗೆ ಜಲ್ಲಿ ಗಟ್ಟಿಯಾಗಿ ತುಂಬಿಕೊಂಡರೆ, ಒಳಗಿನ ಆ ಕಲ್ಲಿನ ಮುದ್ದೆ ಕೆಳಗಿನ ಕಲ್ಲಿನ ಹಾಸಿಗೆಯ ಜೊತೆ ಹಲ್ಲಿಗೆ ಹಲ್ಲು ಕೂಡಿಸಿಕೊಳ್ಳುತ್ತದೆ. ಆಗ ಜರುಗಬೇಕಾದದ್ದು ಕಲ್ಲಿನ ಮೇಲೆ ಉಕ್ಕಲ್ಲ, ಕಲ್ಲಿನ ಮೇಲೆ ಕಲ್ಲು. ಅದು ಸುಲಭದ ಕೆಲಸವಲ್ಲ. ಒಳಗೆ ಟೊಳ್ಳಿದ್ದರೆ ಮಾತ್ರ ಅದೇ ಸ್ಲೀಪರು ಕಲ್ಲಿನ ಮೇಲೆ ಕುಣಿಯುವ ಡಬ್ಬಿ. ಹೊಸದಾಗಿ ಹಾಕಿದ ಉಕ್ಕಿನ ಸ್ಲೀಪರಿನ ಹಾದಿಯನ್ನು ಕಂಡರೆ ಗ್ಯಾಂಗಿನವರಿಗೆ ಭಯವಿದ್ದದ್ದು ಅದಕ್ಕೇ. ತುಂಬಬೇಕಾದ ಜಾಗ ಕಣ್ಣಿಗೆ ಕಾಣುವುದಿಲ್ಲ. ರೈಲುಗಳು ಓಡಿ, ಮತ್ತೆ ಮತ್ತೆ ಗುದ್ದಿ, ಒಳಗಿನ ಕಲ್ಲು ಗಟ್ಟಿಯಾಗಲು ಕಾಲ ಬೇಕು.

ಆ ಗುದ್ದುವ ಕೆಲಸಕ್ಕೆ ಪ್ಯಾಕಿಂಗ್ ಎನ್ನುತ್ತಿದ್ದರು, ಆಯುಧಕ್ಕೆ ಬೀಟರು. ಪಿಕಾಸಿಯಂಥದ್ದೇ, ಆದರೆ ಒಂದು ಬದಿ ಮೊಂಡು. ಒಂದು ಸ್ಲೀಪರಿಗೆ ನಾಲ್ವರು, ಒಂದೊಂದು ಹಳಿಗೆ ಇಬ್ಬರು. ಬೀಟರು ಬೀಳುವುದು ಹಳಿ ಕೂತಿರುವ ಜಾಗದ ಕೆಳಗೆ. ನಡುವಿನ ಜಾಗ ಸ್ವಲ್ಪ ಸಡಿಲವೇ ಇರಬೇಕು, ಇಲ್ಲವಾದರೆ ಸ್ಲೀಪರು ನಡುವಿನ ಮೇಲೆ ನಿಂತು ತಕ್ಕಡಿಯಂತೆ ಆಡುತ್ತದೆ. ಮಳೆಗಾಲ ಮುಗಿದ ಮೇಲೆ ಹಾದಿಯ ಉದ್ದಕ್ಕೂ ಈ ಕೆಲಸ. ಗುದ್ದಿದ ಮೇಲೆ ಪರೀಕ್ಷೆ. ಮರದ ಕೊಡತಿಯಿಂದ ಸ್ಲೀಪರಿಗೆ ಹೊಡೆದು ಕಿವಿ ಕೊಡುವುದು. ತುಂಬಿದ ಸ್ಲೀಪರಿನ ಸದ್ದು ದಪ್ಪ, ಟೊಳ್ಳು ಸ್ಲೀಪರಿನದ್ದು ಹಗುರ. ದೊಡ್ಡಪ್ಪ ಮನೆಗೆ ತಂದ ಹಲಸಿನ ಹಣ್ಣನ್ನೂ ಹಾಗೆಯೇ ತಟ್ಟಿ ನೋಡುತ್ತಿದ್ದರು.

ಇನ್ನು ಉದ್ದಕ್ಕೆ ತೆವಳುವ ಕಾಟ. 12 ಮೀಟರಿನ ಒಂದು ಹಳಿ 30 ಡಿಗ್ರಿ ಬಿಸಿಯೇರಿದರೆ ಸುಮಾರು 4 ಮಿಲಿಮೀಟರು ಹಿಗ್ಗುತ್ತದೆ. ಅದಕ್ಕಾಗಿಯೇ ಎರಡು ಹಳಿಗಳ ನಡುವೆ ಸಂದು ಬಿಡುತ್ತಿದ್ದರು. ಹಳಿ ತೆವಳಿ ಒಂದು ಕಡೆಯ ಸಂದುಗಳೆಲ್ಲ ಮುಚ್ಚಿಹೋದರೆ, ಏಪ್ರಿಲ್ ಬಿಸಿಲಿಗೆ ಹಿಗ್ಗಲು ಜಾಗವಿಲ್ಲದ ಹಳಿ ಹಾವಿನಂತೆ ಪಕ್ಕಕ್ಕೆ ಡೊಂಕುತ್ತದೆ. ಹಾಗಾಗದಂತೆ ಹಳಿಯನ್ನು ಸ್ಲೀಪರಿಗೆ ಕಚ್ಚಿಸಿ ಹಿಡಿದದ್ದು ಬೆಣೆಯಂಥ ಉಕ್ಕಿನ ಕೀ. ಉಕ್ಕಿಗೆ ಉಕ್ಕು ತಾಗಿ ನಡುಗುವಲ್ಲಿ ಬೆಣೆ ಸಡಿಲಾಗುವುದು ಸಹಜ. ಕೀಮನ್ ಎಂಬ ಹುದ್ದೆ ಹುಟ್ಟಿದ್ದೇ ಅದರಿಂದ. ಸುತ್ತಿಗೆ ಹೆಗಲಿಗೇರಿಸಿ ದಿನವೂ ತನ್ನ ಪಾಲಿನ ಹಾದಿಯನ್ನು ಒಂದು ಹಳಿಯ ಬದಿಯಲ್ಲಿ ಹೋಗಿ, ಇನ್ನೊಂದರ ಬದಿಯಲ್ಲಿ ಬರಬೇಕು. ಸಡಿಲಾದ ಕೀ ಕಂಡಲ್ಲಿ ಒಂದು ಏಟು. ದೊಡ್ಡಪ್ಪ ವರ್ಷಗಟ್ಟಲೆ ನಡೆದದ್ದು ಹೀಗೆ. ಒಟ್ಟು ಎಷ್ಟು ದೂರವಾಯಿತು ಎಂದು ನಾವು ಲೆಕ್ಕ ಹಾಕಲು ಹೊರಟರೆ, "ಎಲ್ಲಿಗೂ ಹೋಗಲಿಲ್ಲ, ಅಲ್ಲೇ ಹೋಗಿ ಬಂದದ್ದು" ಎನ್ನುತ್ತಿದ್ದರು.

ಒಂದು ಸಂಗತಿಯನ್ನು ಮಾತ್ರ ಅವರು ನಗುತ್ತಾ ಹೇಳುತ್ತಿರಲಿಲ್ಲ. ಒಂದು ಜುಲೈ ರಾತ್ರಿ ಮಳೆಗಾಲದ ಗಸ್ತಿಗೆ ಹೊರಟಿದ್ದರಂತೆ. ಕೈಯಲ್ಲಿ ದೀಪ, ಚೀಲದಲ್ಲಿ ರೈಲು ನಿಲ್ಲಿಸುವ ಪಟಾಕಿ. ಒಂದು ಏರಿಯ ಮೇಲೆ ದೀಪದ ಬೆಳಕಿಗೆ ಹಳಿ ನೆಟ್ಟಗೆ ಕಂಡಿತು, ಕೀಗಳೂ ಬಿಗಿಯಾಗಿದ್ದವು. ಆದರೆ ಕಾಲಿಟ್ಟಾಗ ಸದ್ದು ಸರಿ ಬರಲಿಲ್ಲ. ಬಗ್ಗಿ ನೋಡಿದರೆ ಸ್ಲೀಪರುಗಳ ಕೆಳಗೆ ಜಲ್ಲಿಯೇ ಇಲ್ಲ. ನೀರು ಅದನ್ನು ಕೊಚ್ಚಿಕೊಂಡು ಹೋಗಿತ್ತು. ಉಕ್ಕಿನ ಏಣಿಯೊಂದು ಕತ್ತಲಲ್ಲಿ ನೇತಾಡುತ್ತಿತ್ತು. ಓಡಿಹೋಗಿ ಪಟಾಕಿ ಕಟ್ಟಿ, ಬರುತ್ತಿದ್ದ ಗೂಡ್ಸ್ ಗಾಡಿಯನ್ನು ನಿಲ್ಲಿಸಿದರು. "ಕಣ್ಣು ನಂಬಿದ್ದರೆ ಆಗುತ್ತಿತ್ತು ಕಥೆ. ಕಾಲು ಹೇಳಿತು" ಎಂದಷ್ಟೇ ಹೇಳಿ ಎಲೆಯಡಿಕೆಗೆ ಕೈ ಹಾಕುತ್ತಿದ್ದರು.

ಈಗ ಮುಖ್ಯ ಹಾದಿಗಳಲ್ಲಿ ಉಕ್ಕಿನ ಸ್ಲೀಪರು ಕಾಣುವುದು ಅಪರೂಪ. ತುಕ್ಕು, ಹಳಿ ಕೂರುವಲ್ಲಿ ಬಿರುಕು, ಹಳಿಯಲ್ಲಿ ವಿದ್ಯುತ್ ಹರಿಸಿ ಮಾಡುವ ಸಿಗ್ನಲಿನ ವ್ಯವಸ್ಥೆಗೆ ಹೊಂದದಿರುವುದು, ಹೀಗೆ ಅದರ ದೋಷಗಳು ಹಲವು. ಬದಲಿಗೆ ಬಂದ ಬ್ರಾಡ್ ಗೇಜಿನ ಕಾಂಕ್ರೀಟ್ ಸ್ಲೀಪರು ಸುಮಾರು 270 ಕಿಲೋ ತೂಗುತ್ತದೆ, ಗುದ್ದುವ ಕೆಲಸಕ್ಕೆ ಯಂತ್ರ ಬಂದಿದೆ. ಗ್ಯಾಂಗ್‌ಮನ್ ಎಂಬ ಹೆಸರೂ ಬದಲಾಗಿದೆ. ಉಕ್ಕು ಪೂರ್ತಿ ಸೋತಿತು ಎನ್ನುವಂತೆಯೂ ಇಲ್ಲ. ಇಂಗ್ಲೆಂಡಿನಲ್ಲಿ, ಆಸ್ಟ್ರೇಲಿಯಾದಲ್ಲಿ ಇಂದಿಗೂ ಅದರ ಬಳಕೆಯಿದೆ. ಒಂದರೊಳಗೊಂದು ಕೂರಿಸಿ ಸಾಗಿಸಬಹುದು, ಜಲ್ಲಿಯೂ ಕಡಿಮೆ ಸಾಕು.

ತೂಕ ಹೆಚ್ಚಿದ ಮಾತ್ರಕ್ಕೆ ನೀರು ಹೆದರುವುದಿಲ್ಲ. ನಮಗೆ ಹತ್ತಿರದ ಘಟ್ಟದ ಹಾದಿ ಸಕಲೇಶಪುರ–ಸುಬ್ರಹ್ಮಣ್ಯದ್ದು. 1979ರಲ್ಲಿ ಮೀಟರ್ ಗೇಜಾಗಿ ತೆರೆದು, 1996ರಲ್ಲಿ ಬ್ರಾಡ್ ಗೇಜಿಗಾಗಿ ಮುಚ್ಚಿ, 2006ರಲ್ಲಿ ಸರಕಿಗೆ, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರಿಗೆ ಮತ್ತೆ ತೆರೆದದ್ದು. ಕೊಡಗಿನ ಗುಡ್ಡಗಳು ಜರಿದ 2018ರ ಆಗಸ್ಟಿನಲ್ಲೇ ಆ ಹಾದಿಯ ಮೇಲೂ ಗುಡ್ಡ ಕುಸಿದು ರೈಲು ನಿಂತಿತು. ಜಲ್ಲಿಯ ಸಂದಿಗೆ ಮಣ್ಣು ಹೊಕ್ಕರೆ ನೀರು ಇಳಿಯದು. ನೀರು ಇಳಿಯದಿದ್ದರೆ ಕಲ್ಲು ಕಲ್ಲನ್ನು ಹಿಡಿಯದು. ಮರವೋ ಉಕ್ಕೋ ಕಾಂಕ್ರೀಟೋ, ಮೇಲಿನದ್ದು ಯಾವುದಾದರೂ ಈ ಲೆಕ್ಕ ಬದಲಾಗಿಲ್ಲ. ಮುಂದೊಂದು ದಿನ ಪಾಣತ್ತೂರಿನ ಕಡೆಯಿಂದ ಹಳಿ ಬಂದರೆ, ಯಾವ ಸ್ಲೀಪರು ಹಾಕುತ್ತಾರೆ ಎಂಬುದಕ್ಕಿಂತ, ಮಳೆ ಹಿಡಿದ ರಾತ್ರಿ ಅದರ ಹೊಟ್ಟೆಯೊಳಗೆ ಕಲ್ಲಿದೆಯೇ ಎಂದು ನೋಡಲು ಯಾರು ನಡೆಯುತ್ತಾರೆ ಎಂಬುದನ್ನೇ ನಮ್ಮೂರಿನವರು ಕೇಳಬೇಕಾದೀತು.