ರೇಡಿಯನ್

ಕೋನವನ್ನು ಅಳೆಯುವ ಒಂದು ಮಾನ. ವೃತ್ತದ ತ್ರಿಜ್ಯದಷ್ಟೇ ಉದ್ದವಿರುವ ಕಂಸವು ಕೇಂದ್ರದಲ್ಲಿ ಏರ್ಪಡಿಸುವ ಕೋನಕ್ಕೆ ಒಂದು ರೇಡಿಯನ್ ಎಂದು ಹೆಸರು. ವೃತ್ತ ಚಿಕ್ಕದಿರಲಿ, ದೊಡ್ಡದಿರಲಿ, ಅದು ಸುಮಾರು 57.3 ಡಿಗ್ರಿ. ಪೂರ್ತಿ ಒಂದು ಸುತ್ತಿಗೆ ಎರಡು ಪೈ, ಅಂದರೆ ಸುಮಾರು 6.283 ರೇಡಿಯನ್. ಡಿಗ್ರಿ ಲೆಕ್ಕದ 360 ಬ್ಯಾಬಿಲೋನಿನ ಖಗೋಳಜ್ಞರ ಪರಂಪರೆಯಿಂದ ಬಂದದ್ದು. ರೇಡಿಯನ್ನಿನ ಬೆಲೆ ವೃತ್ತದಲ್ಲೇ ಅಡಗಿದೆ. ಹೆಸರಿಗೆ ವಯಸ್ಸು ನೂರೈವತ್ತು ವರ್ಷ, ಅಳತೆಯ ಹಿಂದಿನ ಆಲೋಚನೆಗೆ ಅದರ ಹತ್ತು ಪಟ್ಟು.

ತ್ರಿಜ್ಯವನ್ನೂ ಕಂಸವನ್ನೂ ಒಂದೇ ಅಳತೆಗೋಲಿನಿಂದ ಅಳೆಯುವುದು ಈ ಆಲೋಚನೆಯ ತಿರುಳು. 2ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಟಾಲೆಮಿ ತ್ರಿಜ್ಯವನ್ನು 60 ಭಾಗ ಮಾಡಿದ, ಪರಿಧಿಯನ್ನು 360 ಡಿಗ್ರಿಯಾಗಿ ಹಂಚಿದ. ಎರಡಕ್ಕೂ ಅಳತೆ ಬೇರೆ ಬೇರೆ. 499ರ ಸುಮಾರಿಗೆ ಆರ್ಯಭಟ ಎರಡನ್ನೂ ಕಲೆಗಳಲ್ಲೇ ಎಣಿಸಿದ. ಒಂದು ಡಿಗ್ರಿಗೆ 60 ಕಲೆಯಂತೆ ಪರಿಧಿ 21,600 ಕಲೆ. ಅವನೇ ಕೊಟ್ಟಿರುವ 3.1416 ಎಂಬ ಬೆಲೆ ಹಿಡಿದು ಭಾಗಿಸಿದರೆ ತ್ರಿಜ್ಯ ಹತ್ತಿರಹತ್ತಿರ 3,438 ಕಲೆ. ಅವನ ಆರ್ಯಭಟೀಯದ ಜ್ಯಾ (ಸೈನ್) ಕೋಷ್ಟಕದ 24 ವ್ಯತ್ಯಾಸಗಳನ್ನು ಕೂಡಿದರೂ ಇದೇ 3,438 ಬರುತ್ತದೆ. ಡಿಗ್ರಿಗೆ ತಿರುಗಿಸಿದರೆ 57 ಡಿಗ್ರಿ 18 ಕಲೆ. ಇಂದಿನ ರೇಡಿಯನ್ ಇದೇ. ಕೋಷ್ಟಕದ ಮೊದಲ ಅಂಕಿಯಲ್ಲೇ ಈ ಆಯ್ಕೆಯ ಸೊಗಸು ಕಾಣುತ್ತದೆ: 225 ಕಲೆಯ ಕಂಸಕ್ಕೆ ಜ್ಯಾ ಕೂಡ 225. ಕೋನ ಕಿರಿದಾದಾಗ ಕಂಸವೂ ಜ್ಯಾವೂ ಒಂದಕ್ಕೊಂದು ತೀರ ಹತ್ತಿರವಾಗುವುದನ್ನು ಇನ್ನಾವ ಅಳತೆಯೂ ಇಷ್ಟು ನೇರವಾಗಿ ತೋರಿಸದು.

ಕೇರಳದ ಸಂಗಮಗ್ರಾಮದ ಮಾಧವ 14ನೇ ಶತಮಾನದ ಕೊನೆಯ ಹೊತ್ತಿಗೆ ಈ ತ್ರಿಜ್ಯವನ್ನು 3,437 ಕಲೆ 44 ವಿಕಲೆ 48 ತತ್ಪರೆ ಎಂದು, ಕಲೆಯ ಕಿರುಭಾಗಗಳವರೆಗೆ ನಿಖರಗೊಳಿಸಿದ. ಜ್ಯಾ ಬೆಲೆಯನ್ನು ಅನಂತ ಶ್ರೇಣಿಯಾಗಿ ಬರೆದ ಹಿರಿಮೆಯೂ ಅವನದು. ಆ ಶ್ರೇಣಿಯಲ್ಲಿ ಕಂಸವನ್ನು ತ್ರಿಜ್ಯದಿಂದ ಮತ್ತೆ ಮತ್ತೆ ಭಾಗಿಸುತ್ತ ಹೋಗಬೇಕು. ಎರಡೂ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲ. ಇದರ ಉಪಪತ್ತಿಯನ್ನು 16ನೇ ಶತಮಾನದಲ್ಲಿ ಜ್ಯೇಷ್ಠದೇವ ಮಲಯಾಳದ ಯುಕ್ತಿಭಾಷೆಯಲ್ಲಿ ವಿವರಿಸಿದ್ದಾನೆ. ರೇಡಿಯನ್ನಿನ ಇತಿಹಾಸವನ್ನು ಯುರೋಪಿನಿಂದಲೇ ಆರಂಭಿಸುವ ಪಠ್ಯಗಳು ಈ ದೊಡ್ಡ ಅಧ್ಯಾಯವನ್ನು ಬಿಟ್ಟುಬಿಡುತ್ತವೆ.

ಯುರೋಪಿನಲ್ಲಿ ಈ ಅಳತೆಗೆ ಮೊದಲು ಮಹತ್ವ ಕೊಟ್ಟವನು ಕೇಂಬ್ರಿಜ್‌ನ ರೋಜರ್ ಕೋಟ್ಸ್. 33ನೇ ವಯಸ್ಸಿನಲ್ಲಿ, 1716ರಲ್ಲಿ ತೀರಿಕೊಂಡ ಅವನ ಬರಹಗಳನ್ನು ಬಂಧು ರಾಬರ್ಟ್ ಸ್ಮಿತ್ 1722ರಲ್ಲಿ ಪ್ರಕಟಿಸಿದ. 1748ರಲ್ಲಿ ಗಣಿತಜ್ಞ ಆಯ್ಲರ್ ತ್ರಿಜ್ಯವನ್ನು 1 ಎಂದಿಟ್ಟುಕೊಂಡು ಕೋನದ ಬದಲು ಕಂಸದ ಉದ್ದವನ್ನೇ ಬಳಸಿದ ಮೇಲೆ ಈ ಪದ್ಧತಿ ಗಣಿತದಲ್ಲಿ ನೆಲೆಯೂರಿತು. ಕಾರಣ ಸರಳ: ಡಿಗ್ರಿಯಲ್ಲಿ ಅಳೆದರೆ ಕಲನಶಾಸ್ತ್ರದಲ್ಲಿ ಸೈನ್‌ನಂಥವುಗಳ ಸೂತ್ರಗಳಿಗೆ ಪೈಯನ್ನು 180ರಿಂದ ಭಾಗಿಸಿದ ಗುಣಕವೊಂದು ಅಂಟಿಕೊಳ್ಳುತ್ತದೆ. ರೇಡಿಯನ್ನಿನಲ್ಲಿ ಅದು ಮಾಯ.

ಆಗಲೂ ಅಳತೆಗೆ ಸ್ವಂತ ಹೆಸರಿರಲಿಲ್ಲ. ವೃತ್ತೀಯ ಮಾನ ಎನ್ನುತ್ತಿದ್ದರು. 1869ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಮ್ಯೂರ್ ರ‍್ಯಾಡ್, ರೇಡಿಯಲ್, ರೇಡಿಯನ್ ಎಂಬ ಮೂರರ ನಡುವೆ ತೂಗಾಡುತ್ತಿದ್ದ. ಅಚ್ಚಿನಲ್ಲಿ ರೇಡಿಯನ್ ಕಾಣಿಸಿಕೊಂಡದ್ದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನಲ್ಲಿ, 1873ರ ಜೂನ್ 5ರ ಪ್ರಶ್ನೆಪತ್ರಿಕೆಯಲ್ಲಿ. ಅದನ್ನು ಬರೆದವನು ಕೆಲ್ವಿನ್ ಪ್ರಭುವಿನ ಅಣ್ಣ ಜೇಮ್ಸ್ ಥಾಮ್ಸನ್. ಮರುವರ್ಷ ಅವನೊಡನೆ ಸಮಾಲೋಚಿಸಿ ಮ್ಯೂರ್ ಕೂಡ ಅದನ್ನೇ ಒಪ್ಪಿಕೊಂಡ.

ಚಕ್ರದ ಅರೆಕಾಲು ಎಂಬರ್ಥದ ಲ್ಯಾಟಿನ್ನಿನ ರೇಡಿಯಸ್ ಈ ಹೆಸರಿನ ಮೂಲ. ಗೊಂದಲ ಹುಟ್ಟಿಸುವುದು ರ‍್ಯಾಡ್: ಕೋನದ ಲೆಕ್ಕದಲ್ಲಿ ಅದು ರೇಡಿಯನ್ನಿನ ಸಂಕೇತ, ವಿಕಿರಣದ ಲೆಕ್ಕದಲ್ಲಿ ಗ್ರೇ ಎಂಬ ಮಾನದ ನೂರನೆಯ ಒಂದು ಭಾಗ. ಕ್ಯಾಲ್ಕ್ಯುಲೇಟರಿನಲ್ಲಿ ಪಕ್ಕದಲ್ಲೇ ಇರುವ ಗ್ರ್ಯಾಡ್ ಮತ್ತೊಂದು ಮಾನ. ಒಂದು ಸುತ್ತಿಗೆ 400. ಗುಂಡಿ ತಪ್ಪಿ ರೇಡಿಯನ್ನಿನಲ್ಲಿದ್ದರೆ 30ರ ಸೈನ್ ಅರ್ಧದ ಬದಲು ಮೈನಸ್ 0.988 ಎಂದು ತೋರಿಸುತ್ತದೆ.

ಅಂತರರಾಷ್ಟ್ರೀಯ ಮಾನಪದ್ಧತಿ 1960ರಲ್ಲಿ ರೇಡಿಯನ್ನನ್ನು ಪೂರಕ ಮಾನಗಳ ವರ್ಗದಲ್ಲಿಟ್ಟಿತು. 1995ರಲ್ಲಿ ಆ ವರ್ಗವನ್ನೇ ತೆಗೆದು, ಆಯಾಮವಿಲ್ಲದ ನಿಷ್ಪನ್ನ ಮಾನಗಳಿಗೆ ಸೇರಿಸಿತು. ಉದ್ದವನ್ನು ಉದ್ದದಿಂದ ಭಾಗಿಸಿದಾಗ ಉಳಿಯುವುದು ಬರಿಯ ಸಂಖ್ಯೆ ಎಂಬುದು ಇದಕ್ಕೆ ಆಧಾರ. ಕೋನಕ್ಕೆ ಸ್ವಂತ ಆಯಾಮ ಬೇಕೆಂಬ ವಾದ ಮಾನಶಾಸ್ತ್ರಜ್ಞರಲ್ಲಿ ಇನ್ನೂ ನಡೆದಿದೆ.