ಗಮನವಿಟ್ಟು ಓದಿಸುವ ಪ್ರಶ್ನೆಗಳ ರಚನೆ: ಭಾಷಾ ಶಿಕ್ಷಕರಿಗೆ ಹಾಗೂ ಪೋಷಕರಿಗೆ ಮಾಹಿತಿ

1. ಹಿನ್ನೆಲೆ

ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂಬುದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು-2005ರ ಮಾರ್ಗದರ್ಶಿ ತತ್ತ್ವಗಳಲ್ಲೊಂದು. ಮಗುವಿನ ಗ್ರಹಿಕೆಯನ್ನೂ ಅದನ್ನು ಅನ್ವಯಿಸುವ ಸಾಮರ್ಥ್ಯವನ್ನೂ ವ್ಯಾಪಕವಾಗಿ ಹಾಗೂ ನಿರಂತರವಾಗಿ ಮೌಲ್ಯಮಾಪನ ಮಾಡಬೇಕೆಂಬ ಅಂಶವು ಶಿಕ್ಷಣ ಹಕ್ಕು ಕಾಯ್ದೆ-2009ರ 29ನೇ ಪ್ರಕರಣದಲ್ಲಿದೆ. ಸದರಿ ಕಾಯ್ದೆಯು 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಆಶಯವು ತರಗತಿಯಲ್ಲಿ ಈಡೇರುವುದು ಬಹುಮಟ್ಟಿಗೆ ಶಿಕ್ಷಕರು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ.

2. ಗಮನವಿಟ್ಟು ಓದಿಸುವ ಪ್ರಶ್ನೆ ಎಂದರೇನು?

ಪಠ್ಯವನ್ನು ಓದದೆ ಉತ್ತರಿಸಲಾಗದ, ಒಮ್ಮೆ ಓದಿದವರನ್ನು ಪುನಃ ಪಠ್ಯಕ್ಕೆ ಮರಳಿಸುವ, ಉತ್ತರಕ್ಕೆ ಪಠ್ಯದಿಂದಲೇ ಆಧಾರ ಕೇಳುವ ಪ್ರಶ್ನೆಯೇ ಇಂತಹ ಪ್ರಶ್ನೆ. ಅದು ಕಠಿಣವಾಗಿರಬೇಕೆಂದೇನೂ ಇಲ್ಲ.

3. ಉದಾಹರಣೆ

ವಿವರಣೆಗಾಗಿ ಸಿದ್ಧಪಡಿಸಿದ ಗದ್ಯಭಾಗ:

ಆ ವರ್ಷ ಕೆರೆ ಅರ್ಧ ಮಾತ್ರ ತುಂಬಿತ್ತು. ಕೊನೆಯ ಗದ್ದೆಯವರು ತಮಗೆ ನೀರು ತಲುಪುತ್ತಿಲ್ಲವೆಂದು ದೂರಿದರು. ನೀರುಗಂಟಿ ಮಾತನಾಡಲಿಲ್ಲ. ಮರುದಿನ ಬೆಳಗಾಗುವ ಮುನ್ನ ತೂಬು ತೆರೆದು ಮೊದಲು ಕೊನೆಯ ಗದ್ದೆಗೆ ನೀರು ಹಾಯಿಸಿದನು. ಅವನ ಗದ್ದೆ ತೂಬಿನ ಪಕ್ಕದಲ್ಲಿಯೇ ಇದ್ದರೂ ಅದರ ಸರದಿ ಕಡೆಗೆ ಬಂದಿತು. ಆ ವೇಳೆಗೆ ಕಾಲುವೆಯಲ್ಲಿ ಕೆಸರಷ್ಟೇ ಉಳಿದಿತ್ತು.

ಸುಧಾರಿಸಬೇಕಾದ ಪ್ರಶ್ನೆಗಳು:

ಅ) ಕೆರೆಗಳ ಉಪಯೋಗಗಳನ್ನು ಬರೆಯಿರಿ. (ಗದ್ಯವನ್ನು ಓದದೆಯೂ ಉತ್ತರಿಸಬಹುದು.)
ಆ) ನೀರುಗಂಟಿಯು ಮೊದಲು ಯಾವ ಗದ್ದೆಗೆ ನೀರು ಹಾಯಿಸಿದನು? (ಒಂದು ವಾಕ್ಯವನ್ನು ನಕಲು ಮಾಡಿದರೆ ಸಾಕು. ಆರಂಭಕ್ಕೆ ಸೂಕ್ತ; ಇಲ್ಲಿಗೇ ನಿಲ್ಲಬಾರದು.)
ಇ) ನೀರುಗಂಟಿಯು ಒಳ್ಳೆಯವನೇ? (ಹೌದು ಎಂದರೆ ಮುಗಿಯಿತು.)

ಗಮನವಿಟ್ಟು ಓದಿಸುವ ಪ್ರಶ್ನೆಗಳು:

ಅ) ದೂರಿಗೆ ನೀರುಗಂಟಿಯು ಮಾತಿನಲ್ಲಿ ಉತ್ತರಿಸಲಿಲ್ಲ. ಹಾಗಾದರೆ ಅವನ ಉತ್ತರ ಯಾವುದು?
ಆ) 'ತೂಬಿನ ಪಕ್ಕದಲ್ಲಿಯೇ ಇದ್ದರೂ' ಎಂಬ ಮಾತನ್ನು ತೆಗೆದುಹಾಕಿದರೆ ಅರ್ಥದಲ್ಲಿ ಏನು ಕಡಿಮೆಯಾಗುತ್ತದೆ?
ಇ) ನೀರುಗಂಟಿಯ ಗದ್ದೆಗೆ ಸಾಕಷ್ಟು ನೀರು ದೊರೆಯಿತೇ? ಯಾವ ವಾಕ್ಯದಿಂದ ತಿಳಿಯುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರವು ನೇರವಾಗಿ ಎಲ್ಲಿಯೂ ಇಲ್ಲ. 'ಕೆಸರು' ಎಂಬ ಒಂದು ಪದವನ್ನು ಗಮನಿಸಿದ ವಿದ್ಯಾರ್ಥಿಗೆ ಮಾತ್ರ ಅದು ದೊರೆಯುತ್ತದೆ.

4. ಪ್ರಶ್ನೆ ರಚಿಸುವ ಕ್ರಮ

1) ಶಿಕ್ಷಕರು ಮೊದಲು ಪಾಠವನ್ನು ಎರಡು ಬಾರಿ ಓದಿ, ಮಕ್ಕಳು ಗಮನಿಸದೆ ದಾಟಿಹೋಗಬಹುದಾದ ಪದ ಅಥವಾ ವಾಕ್ಯಗಳನ್ನು ಗುರುತಿಸತಕ್ಕದ್ದು.
2) ಪ್ರಶ್ನೆಗಳನ್ನು ಸಂಗತಿ, ಪದದ ಅರ್ಥ, ಕಾರಣ, ಒಟ್ಟು ಆಶಯ ಎಂಬ ಅನುಕ್ರಮದಲ್ಲಿ ಜೋಡಿಸುವುದು ಸೂಕ್ತ.
3) ಪಾಠ ಓದದವರೊಬ್ಬರಿಗೆ ಪ್ರಶ್ನೆಯನ್ನು ಕೇಳಿ ನೋಡಬೇಕು. ಅವರು ಸರಿಯಾಗಿ ಉತ್ತರಿಸಿದಲ್ಲಿ ಪ್ರಶ್ನೆಯನ್ನು ಬದಲಿಸಬೇಕು.
4) ಮಾದರಿ ಉತ್ತರದಲ್ಲಿ ಸ್ವಂತ ಮಾತಿನ ಉತ್ತರಕ್ಕೂ ಅವಕಾಶವಿರಬೇಕು. ಒಂದೇ ಪದಜೋಡಣೆಗೆ ಅಂಕ ನೀಡಿದಲ್ಲಿ ಉತ್ತಮ ಪ್ರಶ್ನೆಯೂ ಕಂಠಪಾಠದ ಪ್ರಶ್ನೆಯಾಗಿ ಪರಿಣಮಿಸುತ್ತದೆ.
5) ಯೋಚಿಸಲು ಹಾಗೂ ಪುಟ ತಿರುವಿ ನೋಡಲು ಸಮಯ ನೀಡಬೇಕು.

5. ಇದರ ಪ್ರಾಮುಖ್ಯತೆ

ಪಾಠದಾಚೆಗಿನ ಮಾಹಿತಿಯನ್ನು ಕೇಳುವ ಪ್ರಶ್ನೆಯು ಗೈಡು ಹಾಗೂ ಮನೆಪಾಠದ ಅನುಕೂಲವಿರುವ ಮಕ್ಕಳಿಗೆ ನೆರವಾಗುತ್ತದೆ. ಕಣ್ಣ ಮುಂದಿನ ಪಠ್ಯವನ್ನೇ ಆಧರಿಸಿದ ಪ್ರಶ್ನೆಯಲ್ಲಿ ಆ ಅಂತರ ಕಡಿಮೆಯಾಗುತ್ತದೆ. ಮನೆಯಲ್ಲಿ ಪಠ್ಯಪುಸ್ತಕದ ಹೊರತು ಬೇರೆ ಪುಸ್ತಕವಿಲ್ಲದ ಮಗುವೂ ಸಮನಾಗಿ ಉತ್ತರಿಸಬಲ್ಲದು. ಇದೇ ಅಭ್ಯಾಸವು ಮುಂದೆ ಅರ್ಜಿ ನಮೂನೆ, ಕರಾರುಪತ್ರ, ಔಷಧದ ಚೀಟಿ ಮುಂತಾದವುಗಳನ್ನು ಸರಿಯಾಗಿ ಓದಿ ಅರ್ಥೈಸಿಕೊಳ್ಳಲು ನೆರವಾಗುತ್ತದೆ.

6. ಪೋಷಕರ ಗಮನಕ್ಕೆ

ಪೋಷಕರು ಮಕ್ಕಳ ಉತ್ತರಗಳನ್ನು ನೋಡುವಾಗ ಅಂಕಗಳ ಜೊತೆಗೆ ಪ್ರಶ್ನೆಗಳನ್ನೂ ಗಮನಿಸಬಹುದು. ಮನೆಯಲ್ಲಿ 'ಇದು ಎಲ್ಲಿದೆ, ತೋರಿಸು' ಎಂದು ಕೇಳುವುದೊಂದೇ ಸಾಕು. ಓದು ಬಾರದ ಪೋಷಕರೂ ಇದನ್ನು ಕೇಳಬಹುದು. ಈ ಬಗ್ಗೆ ಸಲಹೆಗಳಿದ್ದಲ್ಲಿ ಶಾಲೆಯ ಮುಖ್ಯೋಪಾಧ್ಯಾಯರಿಗೆ ಅಥವಾ ಸರ್ಕಾರಿ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ ತಿಳಿಸಬಹುದು. ಎಸ್.ಎಸ್.ಎಲ್.ಸಿ. ವಿದ್ಯಾರ್ಥಿಗಳು ಫಲಿತಾಂಶದ ನಂತರ, ನಿಗದಿತ ಶುಲ್ಕ ಪಾವತಿಸಿ, ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಲಿಯಿಂದ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ಪಡೆಯಲು ಅವಕಾಶವಿದೆ. ಅರ್ಜಿಯ ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡತಕ್ಕದ್ದು.

ಹೆಚ್ಚಿನ ಮಾಹಿತಿಗಾಗಿ ಆಯಾ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಅಥವಾ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು (ಡಯಟ್) ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.