ಏರಿಯನ್ನು ನೋಡಿ, ನೀಲಿಯನ್ನಲ್ಲ: ಕೋಲಾರದ ಹಳೆಯ ಟೋಪೋಶೀಟುಗಳಲ್ಲಿ ‘ಒಣ ಕೆರೆ’

ಕೋಲಾರ ಜಿಲ್ಲೆಯ ಕೆರೆಗಳ ಇತಿಹಾಸ ಬರೆಯುವವರು ಈಚೆಗೆ ಸರ್ವೆ ಆಫ್ ಇಂಡಿಯಾದ ಹಳೆಯ ಒಂದಿಂಚಿನ ಹಾಳೆಗಳನ್ನು ಸಾಕ್ಷಿಗೆ ಕರೆಯುತ್ತಿರುವುದು ಒಳ್ಳೆಯದೇ. ಶಾಸನ, ಗೆಜೆಟಿಯರುಗಳ ಆಚೆಗೆ ಕಣ್ಣು ಹಾಯಿಸದೆ ಕೂತಿದ್ದ ಕ್ಷೇತ್ರಕ್ಕೆ ಇದು ಬೇಕಿತ್ತು. ಆದರೆ ಸಾಕ್ಷಿಯನ್ನು ಕಟಕಟೆಗೆ ತಂದಮೇಲೆ ಪಾಟೀಸವಾಲನ್ನೂ ಮಾಡಬೇಕು. ಈ ಜಿಲ್ಲೆಯ ಕೆರೆ ಶಾಸನಗಳ ಮೇಲೆ ಬಹುಕಾಲ ದುಡಿದ ಹಿರಿಯರೊಬ್ಬರು (ಅವರ ಟಿಪ್ಪಣಿಗಳ ಋಣ ನನ್ನ ಮೇಲಿರುವುದರಿಂದ ಹೆಸರೆತ್ತದೆ ವಾದಿಸುತ್ತೇನೆ) ಆ ಕೆಲಸ ಮಾಡದೆಯೇ ತಮ್ಮ ಪುಸ್ತಕದಲ್ಲಿ ತೀರ್ಪು ಬರೆದುಬಿಟ್ಟಿದ್ದಾರೆ. ಅವರ ಪ್ರಕಾರ ಇಪ್ಪತ್ತನೇ ಶತಮಾನ ಕಾಲಿಡುವ ಹೊತ್ತಿಗೇ ಕೋಲಾರದ ಕೆರೆಗಳಲ್ಲಿ ಬಹುಪಾಲು ಕೈಬಿಟ್ಟುಹೋಗಿದ್ದವು. ಆಧಾರ ಒಂದೇ: 57ಕೆ ಸಂಖ್ಯೆಯ ಹಳೆಯ ಹಾಳೆಗಳಲ್ಲಿ ನೀಲಿ ತುಂಬಿದ ಕೆರೆಗಳಿಗಿಂತ ಬರಿಯ ಗೆರೆಯಲ್ಲಿ ಬಿಟ್ಟ ‘ಒಣ’ ಕೆರೆಗಳೇ ಹೆಚ್ಚು. ಒಣ ಕೆರೆ ಎಂದರೆ ಸತ್ತ ಕೆರೆ ಎಂದು ಓದಿಕೊಂಡು ಅವರು ಅವುಗಳ ಪಟ್ಟಿ ಮಾಡಿದರು. ಅಲ್ಲಿಂದ ಮುಂದೆ ಒಬ್ಬರ ಲೇಖನದಿಂದ ಇನ್ನೊಬ್ಬರ ಲೇಖನಕ್ಕೆ ಆ ಓದು ತಿದ್ದುಪಡಿಯಿಲ್ಲದೆ ಸಾಗಿ ಬಂದಿದೆ.

ಈ ಓದು ನಿಲ್ಲುವುದಿಲ್ಲ. ಮೊದಲ ಸಾಕ್ಷಿ ಹಾಳೆಯ ಸಂಕೇತ ಸೂಚಿಯಲ್ಲೇ ಇದೆ. ಕೆರೆಗೆ ಅಲ್ಲಿರುವುದು ಎರಡೇ ಗುರುತು: ವರ್ಷವಿಡೀ ನೀರಿರುವ ಕೆರೆ, ಒಣ ಕೆರೆ. ಊರಿನ ಸಾಲಿನಲ್ಲಿ ಮಾತ್ರ ಜನವಸತಿಯ ಊರಿಗೊಂದು ಗುರುತು, ಹಾಳುಬಿದ್ದ ಊರಿಗೆ ಬೇರೊಂದು ಗುರುತು ಉಂಟು. ಗುಡಿಸಿಲಿನ ವಿಷಯದಲ್ಲೂ ಕಾಯಂ, ತಾತ್ಕಾಲಿಕ ಎಂಬ ಭೇದವಿದೆ. ‘ತೊರೆದದ್ದು’ ಎಂಬ ವರ್ಗ ನಕ್ಷೆ ಮಾಡಿದವರಿಗೆ ತಿಳಿಯದ್ದಲ್ಲ. ಬೇಕಾದ ಕಡೆ ಅದನ್ನು ಬಳಸಿದ್ದಾರೆ, ಕೆರೆಗೆ ಬಳಸಿಲ್ಲ. ನಕ್ಷೆ ಹೇಳದ ಮಾತನ್ನು ನಾವು ಅದರ ಬಾಯಲ್ಲಿ ಹೇಳಿಸಿದ ಹಾಗಾಯಿತು.

ಎರಡನೆಯದು ಹಾಳೆಯ ಅಂಚು. ನಕ್ಷೆಯ ನಡುಭಾಗಕ್ಕೆ ಕಣ್ಣು ನೆಟ್ಟವರು ಅಂಚಿನ ಬರಹವನ್ನು ಓದುವುದೇ ಇಲ್ಲ. ಅಲ್ಲಿ ಸರ್ವೆಯ ವರ್ಷವನ್ನು ಸಾಮಾನ್ಯವಾಗಿ ಜೋಡಿ ವರ್ಷವಾಗಿ ಕೊಟ್ಟಿರುತ್ತದೆ. ಆ ಜೋಡಿ ಸೂಚಿಸುವುದು ಒಂದು ಕ್ಷೇತ್ರಕಾರ್ಯದ ಋತುವನ್ನು. ಮಳೆ ನಿಂತಮೇಲೆ ಸರ್ವೆ ತಂಡ ಡೇರೆ ಎತ್ತಿಕೊಂಡು ಹೊರಡುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಹಿಂತಿರುಗಿ, ಮಳೆಗಾಲವನ್ನೆಲ್ಲ ಕಚೇರಿಯಲ್ಲಿ ಹಾಳೆ ತಿದ್ದುತ್ತ ಕಳೆಯುತ್ತಿತ್ತು. ಕೋಲಾರದ ಮಳೆ ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರು. ಅದರ ದೊಡ್ಡ ಪಾಲು ಸೆಪ್ಟೆಂಬರು, ಅಕ್ಟೋಬರಿನಲ್ಲಿ ಬೀಳುತ್ತದೆ. ಕೆರೆ ಕೋಡಿ ಬೀಳುವುದಾದರೆ ಆಗಲೇ ಬೀಳಬೇಕು. ಅಲ್ಲಿಂದ ತೂಬು ಎತ್ತಿ ಬೆಳೆಗೆ ನೀರು ಬಿಡುತ್ತ ಬಂದರೆ ಮಾರ್ಚಿ, ಏಪ್ರಿಲಿಗೆ ಕೆರೆಯ ಅಂಗಳದಲ್ಲಿ ದನ ಮೇಯುತ್ತವೆ. ಇದು ಕೆರೆ ಕೆಟ್ಟ ಲಕ್ಷಣವಲ್ಲ, ಕೆರೆ ತನ್ನ ಕೆಲಸ ಮಾಡಿ ಮುಗಿಸಿದ ಲಕ್ಷಣ. ನೀರು ಬಿಡದೆ ತುಂಬಿಸಿಕೊಂಡೇ ಕೂತ ಕೆರೆಯ ಅಚ್ಚುಕಟ್ಟಿನ ರೈತ ಏನು ಹೇಳುತ್ತಾನೆಂದು ಯಾವ ನೀರುಗಂಟಿಯನ್ನು ಕೇಳಿದರೂ ಗೊತ್ತಾಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು: ಸರ್ವೆಯವರು ಕಂಡದ್ದನ್ನಷ್ಟೇ ಬರೆಯದೆ ಊರಿನವರನ್ನು ವಿಚಾರಿಸಿ ‘ವರ್ಷವಿಡೀ ನೀರಿರುತ್ತದೆಯೇ’ ಎಂದು ತಿಳಿದು ಗುರುತು ಹಾಕಿರಬಹುದಲ್ಲ? ಹಾಗೆಯೇ ಆಗಿರಲಿ. ಕಂಡು ಬರೆದದ್ದಾದರೆ ‘ಒಣ’ ಎಂಬುದು ಒಂದು ತಿಂಗಳ ಸುದ್ದಿ. ಕೇಳಿ ಬರೆದದ್ದಾದರೆ ಅದರರ್ಥ ‘ವರ್ಷಪೂರ್ತಿ ನೀರು ನಿಲ್ಲುವುದಿಲ್ಲ’ ಎಂದಷ್ಟೆ. ಮಳೆಗಾಲದ ನೀರನ್ನು ನಂಬಿದ ಬಯಲುಸೀಮೆಯ ಯಾವ ನಡುಗಾತ್ರದ ಕೆರೆಗೂ ಆ ಮಾತು ಹೊಂದುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಹಿರಿಯರ ತೀರ್ಮಾನಕ್ಕೆ ದಾರಿಯಿಲ್ಲ.

ಹಾಗಾದರೆ ಕೆರೆ ಬದುಕಿತ್ತೋ ಇಲ್ಲವೋ ಎಂದು ಹಾಳೆಯಿಂದ ತಿಳಿಯುವ ಬಗೆ ಯಾವುದು? ಏರಿ. ಭೂತಗನ್ನಡಿ ಹಿಡಿದು ಒಂದು ‘ಒಣ’ ಕೆರೆಯನ್ನೇ ನೋಡಿ. ಏರಿಯ ಗೆರೆಯ ಪಕ್ಕದಲ್ಲಿ ಎಷ್ಟೋ ಕಡೆ ಒಂದು ಸಣ್ಣ ಅಂಕಿ, ಅದರ ಬೆನ್ನಿಗೆ ಇಂಗ್ಲಿಷಿನ ‘ಆರ್’ ಅಕ್ಷರ ಇರುತ್ತದೆ: ಅದು ಸಮುದ್ರಮಟ್ಟದಿಂದಲ್ಲ, ಪಕ್ಕದ ನೆಲದಿಂದ ಏರಿ ಎಷ್ಟು ಎತ್ತರ ಎಂಬ ಲೆಕ್ಕ. ಏರಿಯ ಕೆಳಗೆ ಸಾಗುವಳಿಯ ಹಳದಿ ಬಣ್ಣ, ಅದರ ನಡುವೆ ತೂಬಿನಿಂದ ಹೊರಟ ಕಾಲುವೆಯ ಎಳೆ. ಏರಿ ತುಂಡಾಗದೆ ಉದ್ದಕ್ಕೂ ಸಾಗಿದ್ದು, ಹಳ್ಳದ ನೀರು ಏರಿಯ ಒಂದು ತುದಿಯ ಕೋಡಿಯಿಂದ ಇಳಿದು ಮುಂದಿನ ಕೆರೆಗೆ ಹೋಗುತ್ತಿದ್ದರೆ ಆ ಕೆರೆ ಕೆಲಸದಲ್ಲಿದೆ. ಒಡೆದ ಕೆರೆಯ ಚಿತ್ರವೇ ಬೇರೆ: ಏರಿಯ ಗೆರೆ ನಡುವೆ ಕಡಿದಿರುತ್ತದೆ, ಹಳ್ಳ ಆ ಕಂಡಿಯಲ್ಲೇ ನೇರವಾಗಿ ನುಗ್ಗಿರುತ್ತದೆ, ಕೆಳಗಿನ ಹೊಲಕ್ಕೆ ಕಾಲುವೆ ಇರುವುದಿಲ್ಲ. ಹಿರಿಯರ ಪಟ್ಟಿಯಲ್ಲಿ ಈ ಎರಡು ಚಿತ್ರಗಳೂ ಒಂದೇ ಅಂಕಣದಲ್ಲಿ ಕೂತಿವೆ. ಅದು ನನಗೆ ಅರ್ಥವಾಗದ ಸಂಗತಿ. ಶಾಸನದಲ್ಲಿ ಒಂದು ಅನುಸ್ವಾರ ಸವೆದಿದ್ದರೂ ಚೌಕ ಕಂಸ ಹಾಕುವ ಎಚ್ಚರ ಅವರದು.

ಎಣಿಕೆಯ ಬಗ್ಗೆಯೂ ಒಂದು ಮಾತು. ಮೈಲಿಗೆ ಒಂದಿಂಚಿನ ಹಾಳೆ ಹದಿನೈದು ನಿಮಿಷ ಅಕ್ಷಾಂಶ, ಹದಿನೈದು ನಿಮಿಷ ರೇಖಾಂಶದ ಚೌಕವನ್ನು, ಅಂದರೆ ಈ ಭಾಗದಲ್ಲಿ ಸುಮಾರು 290 ಚದರ ಮೈಲಿಯನ್ನು ಹಿಡಿಯುತ್ತದೆ. ಕೋಲಾರ ಪಟ್ಟಣ ಬರುವುದು 57ಕೆ/4ರಲ್ಲಿ, ಮುಳಬಾಗಿಲು 57ಕೆ/8ರಲ್ಲಿ. ಈ ಪ್ರಮಾಣದಲ್ಲಿ ಒಂದು ಎಕರೆಯ ಕುಂಟೆ ಕಾಗದದ ಮೇಲೆ ಒಂದು ಮಿಲಿಮೀಟರು ಉದ್ದ, ಒಂದು ಮಿಲಿಮೀಟರು ಅಗಲ. ಅದು ಹಾಳೆಯಲ್ಲಿ ಉಳಿಯಿತೋ ಅಳಿಯಿತೋ ಎಂಬುದು ನಕ್ಷೆಗಾರನ ಲೇಖನಿಗೆ ಬಿಟ್ಟದ್ದು. ಮೆಟ್ರಿಕ್ ಪದ್ಧತಿ ಬಂದಮೇಲೆ ಬಂದ 1:50,000 ಹಾಳೆಗಳಲ್ಲಿ ಪ್ರಮಾಣ ತುಸು ದೊಡ್ಡದು, ಆದ್ದರಿಂದ ಸಣ್ಣವು ಹೆಚ್ಚು ಉಳಿಯುತ್ತವೆ. ಈ ಎರಡು ತಲೆಮಾರಿನ ಹಾಳೆಗಳಲ್ಲಿ ಕೆರೆ ಎಣಿಸಿ, ಒಂದರಿಂದ ಇನ್ನೊಂದನ್ನು ಕಳೆದು, ಬಂದ ಶೇಷವನ್ನು ‘ಇತಿಹಾಸ’ ಎಂದು ಕರೆಯುವವರಿಗೆ ನಾನು ಹೇಳುವುದೇನೂ ಇಲ್ಲ. ಕುಂಟೆ, ಗೋಕಟ್ಟೆಗಳನ್ನು ಎಣಿಸಬೇಕಾದವರು ಮೈಲಿಗೆ ಎಂಟಿಂಚಿನ ಗ್ರಾಮನಕ್ಷೆಗೆ ಹೋಗಬೇಕು.

ಇಲ್ಲಿಯವರೆಗಿನ ವಾದ ನಕ್ಷೆಯ ಒಳಗಿನದು. ಹೊರಗಿನ ಆಧಾರವೊಂದಿದೆ. ಕೆರೆಯ ಇತಿಹಾಸಕಾರರು ಅದನ್ನು ಕಾವೇರಿ ವ್ಯಾಜ್ಯದವರ ಸೊತ್ತೆಂದು ಬಿಟ್ಟುಕೊಟ್ಟಿದ್ದಾರೆ. ಮೈಸೂರಿಗೂ ಮದರಾಸಿಗೂ ಆದ 1892ರ ಒಪ್ಪಂದ ಅದು. ಮೈಸೂರು ಸರ್ಕಾರ ಮದರಾಸಿನ ಮುಂಚಿತ ಒಪ್ಪಿಗೆಯಿಲ್ಲದೆ ಹೊಸ ನೀರಾವರಿ ಜಲಾಶಯ ಕಟ್ಟಬಾರದ ಹದಿನೈದು ಮುಖ್ಯ ನದಿಗಳ ಪಟ್ಟಿ ಅದರಲ್ಲಿದೆ. ಕಾವೇರಿಯನ್ನಷ್ಟೇ ನೋಡುವ ಕಣ್ಣಿಗೆ ಕಾಣದ ವಿಷಯವೆಂದರೆ, ಆ ಪಟ್ಟಿಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಘ್ನಿ, ಪಾಲಾರ್ ಐದೂ ಇವೆ. ಎಲ್ಲವೂ ನಂದಿಬೆಟ್ಟದ ಸುತ್ತಮುತ್ತ, ಹಳೆಯ ಕೋಲಾರ ಜಿಲ್ಲೆಯ ಸೀಮೆಯಲ್ಲೋ ಅದರ ಅಂಚಿನಲ್ಲೋ ಹುಟ್ಟುವ ಹೊಳೆಗಳು. ಇನ್ನು ‘ಹೊಸ’ ಜಲಾಶಯ ಯಾವುದು? ಹಿಂದೆ ಇಲ್ಲದ್ದು ಮಾತ್ರವಲ್ಲ. ಒಮ್ಮೆ ಇದ್ದು, ಕೈಬಿಟ್ಟು, ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಬಳಕೆಯಿಲ್ಲದೆ ಬಿದ್ದದ್ದೂ ಹೊಸದೇ ಎಂದು ಒಪ್ಪಂದ ಹೇಳುತ್ತದೆ. ಅಂದರೆ 1892ರ ನಂತರ ‘ಕೈಬಿಟ್ಟ ಕೆರೆ’ ಎಂಬುದು ಕಾನೂನಿನ ವರ್ಗ. ಯಾವುದೋ ಕೆರೆಯನ್ನು ಆ ವರ್ಗಕ್ಕೆ ಇಳಿಸಿದರೆ ಅದನ್ನು ದುರಸ್ತಿ ಮಾಡಲೂ ಮದರಾಸಿನ ಬಾಗಿಲು ತಟ್ಟಬೇಕು.

ಈ ಹಿನ್ನೆಲೆಯಲ್ಲಿ ಮೈಸೂರಿನ ಯಾವ ಅಧಿಕಾರಿ ತಾನೇ ಮುಂದಾಗಿ ಬಹುಪಾಲು ಕೆರೆಗಳನ್ನು ಕೈಬಿಟ್ಟವೆಂದು ಬರೆದುಕೊಟ್ಟಾನು? ಇದೇ ವಾದ ನನ್ನ ಕಡೆಯ ದಾಖಲೆಗಳಿಗೂ ತಿರುಗುತ್ತದೆಂಬುದನ್ನು ಮುಚ್ಚಿಡುವುದಿಲ್ಲ. ಕೆರೆ ಸತ್ತಿದ್ದರೂ ಬದುಕಿದೆ ಎಂದು ಬರೆಯಲು ಕಂದಾಯದ ಲೆಕ್ಕಗಳಿಗೆ ಕಾರಣವಿತ್ತು. ಆಕಾರಬಂದಿನಲ್ಲಿ ‘ತರಿ’ ಎಂದಿದ್ದ ಮಾತ್ರಕ್ಕೆ ಆ ಜಮೀನಿಗೆ ನೀರು ಹೋಗುತ್ತಿತ್ತೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ಟೋಪೋಶೀಟಿನ ಬೆಲೆ ಇರುವುದು ಇಲ್ಲಿಯೇ. ಅದನ್ನು ಮಾಡಿದ ಇಲಾಖೆ ಮೈಸೂರಿನದಲ್ಲ, ಸಾಮ್ರಾಜ್ಯದ್ದು. ತರಿ ಕಂದಾಯ ಏರಿದರೂ ಇಳಿದರೂ ಅದಕ್ಕೆ ಲಾಭನಷ್ಟವಿಲ್ಲ. ನೀರಿನ ಬಣ್ಣದಲ್ಲಿ ಅದು ಋತುವಿಗೆ ಕಟ್ಟುಬಿದ್ದ ಸಾಕ್ಷಿ, ಏರಿಯ ಗೆರೆಯಲ್ಲಿ ನಿಷ್ಪಕ್ಷ ಸಾಕ್ಷಿ. ಆಕಾರಬಂದಿನ ತರಿ, ಟೋಪೋಶೀಟಿನ ತುಂಡಾಗದ ಏರಿ ಎರಡೂ ಒಂದೇ ಮಾತು ಹೇಳಿದಾಗ ಕೆರೆ ಬದುಕಿತ್ತೆನ್ನಲು ಅಂಜಿಕೆಯಿಲ್ಲ. ಎರಡೂ ಜಗಳವಾಡಿದ ಕಡೆ ಮಾತ್ರ ನಮಗೆ ನಿಜವಾದ ಕೆಲಸವಿದೆ.

ಒಡೆದ ಏರಿಯನ್ನೂ ಮರಣಪತ್ರವೆಂದು ಓದಬಾರದು ಎಂಬುದಕ್ಕೆ ಬೇತಮಂಗಲ ಸಾಕು. ಪಾಲಾರಿಗೆ ಅಡ್ಡಲಾಗಿ ಕಟ್ಟಿದ ಆ ಕೆರೆಯ ಊರಿಗೆ ಬಾಣ ಅರಸನ ಹೆಸರಿನಿಂದ ಬಂದ ವಿಜಯಾದಿತ್ಯಮಂಗಲ ಎಂಬ ಹಳೆಯ ಹೆಸರುಂಟು. ಹತ್ತನೇ ಶತಮಾನದಲ್ಲಿ ನೊಳಂಬರ ಇರಿವ ನೊಳಂಬ, ಹನ್ನೆರಡನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೊಕ್ಕಿಮಯ್ಯ ಅದನ್ನು ಜೀರ್ಣೋದ್ಧಾರ ಮಾಡಿಸಿದರು. ಅದೇ ಕೆರೆ ಚಿನ್ನದ ಗಣಿಗಳಿಗೆ ನೀರು ಕೊಟ್ಟಿತು. 1903ರಲ್ಲಿ ಮತ್ತೆ ಒಡೆಯಿತು. ಆ ವರ್ಷದ ನವೆಂಬರಿನ ಪಾಲಾರ್ ಪ್ರವಾಹ ಕೆಳಗಿನ ವಾಣಿಯಂಬಾಡಿಯನ್ನು ಹಾಳುಗೆಡವಿತು. ಮತ್ತೆ ಕಟ್ಟಿದರು. 1904ರಲ್ಲಿ ಯಾರಾದರೂ ಅಲ್ಲಿ ಸರ್ವೆ ಮಾಡಿದ್ದರೆ ಕಡಿದ ಏರಿಯನ್ನೇ ಬರೆದುಕೊಳ್ಳುತ್ತಿದ್ದರು, ನಮ್ಮ ಹಿರಿಯರು ಅದನ್ನು ‘ಅವಸಾನ’ದ ಪಟ್ಟಿಗೆ ಸೇರಿಸುತ್ತಿದ್ದರು. ಒಡೆಯುವುದು, ಕಟ್ಟುವುದು ಎರಡೂ ಕೆರೆಯ ಬಾಳಿನ ಭಾಗ. ಒಡೆದಮೇಲೆ ಕಟ್ಟುವವರು ಇದ್ದರೇ ಎಂಬುದು ಇತಿಹಾಸದ ಪ್ರಶ್ನೆ. ಅದಕ್ಕೆ ಒಂದು ಹಾಳೆಯಿಂದ ಉತ್ತರ ಸಿಗುವುದಿಲ್ಲ, ಒಂದೇ ನೆಲದ ಎರಡು ಮೂರು ಕಾಲದ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸಿಗುತ್ತದೆ. ರೈಸ್ ಸಾಹೇಬರು 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟವನ್ನೂ ಜೊತೆಗಿಟ್ಟರೆ ಅದೇ ಉತ್ತರ ಸಾವಿರ ವರ್ಷಕ್ಕೆ ಚಾಚುತ್ತದೆ.

ಅವಸಾನದ ಕಥೆಗೆ ಇಷ್ಟು ಆಕರ್ಷಣೆ ಏಕೆಂಬುದನ್ನು ನಾನು ಬಲ್ಲೆ. 1871ರ ಜನಗಣತಿಯಲ್ಲಿ 50,55,412 ಇದ್ದ ಮೈಸೂರಿನ ಜನ 1881ಕ್ಕೆ 41,86,188ಕ್ಕೆ ಇಳಿದರು. ನಡುವೆ 1876–78ರ ಬರಗಾಲವಿತ್ತು, ಕೋಲಾರ ಅದರ ಪೆಟ್ಟು ತಿಂದ ಜಿಲ್ಲೆಗಳಲ್ಲೊಂದು. ಇಷ್ಟು ಜನ ಸತ್ತಮೇಲೆ ಕೆರೆಗಳೂ ಸತ್ತಿರಲೇಬೇಕೆಂದು ಅನ್ನಿಸುವುದು ಸಹಜ. ಅನ್ನಿಸುವುದು ಆಧಾರವಲ್ಲ. ಊರು ಬೇಚರಾಕಾದರೂ ಕೆಳಗಿನ ಊರಿನವರು ತಮ್ಮ ಅಚ್ಚುಕಟ್ಟಿಗಾಗಿ ಮೇಲಿನ ಕೆರೆಯನ್ನು ಕಾಯ್ದುಕೊಂಡಿರಬಹುದು. ಹಾಳೂರಿನ ಗುರುತಿನ ಮಗ್ಗುಲಲ್ಲೇ ಅಖಂಡ ಏರಿ ಕಂಡರೆ ಹಾಗೆಂದು ಊಹಿಸಲು ಎಡೆಯಿದೆ.

ಎದುರು ದಿಕ್ಕಿನವರನ್ನೂ ಬಿಡುವಂತಿಲ್ಲ. 1860ರ ದಶಕದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿ, ರಾಜ್ಯದ 27,269 ಚದರ ಮೈಲಿಯಲ್ಲಿ ಹತ್ತಿರಹತ್ತಿರ ನೂರಕ್ಕೆ ಅರವತ್ತು ಪಾಲು ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆ ಎಂದದ್ದನ್ನು ಮಂತ್ರದಂತೆ ಹೇಳುತ್ತ, ಹಳೆಯ ಹಾಳೆಯ ಪ್ರತಿ ಗೆರೆಯನ್ನೂ ಕಂಪ್ಯೂಟರಿನಲ್ಲಿ ನೀಲಿ ತುಂಬಿ ‘ಅಂದಿನ ಸರೋವರಗಳು’ ಎಂದು ತೋರಿಸುವ ಪಂಗಡವೊಂದಿದೆ. ಸ್ಯಾಂಕಿ ಹೇಳಿದ್ದು ಕೆರೆಗೆ ಹರಿದುಬರುವ ನೆಲದ ಮಾತು, ನಿಂತ ನೀರಿನ ಮಾತಲ್ಲ. ಇವರ ಬಣ್ಣದ ಪೆಟ್ಟಿಗೆಯೂ ನಮ್ಮ ಹಿರಿಯರ ಪಟ್ಟಿಯೂ ಒಂದೇ ತಪ್ಪಿನ ಇಬ್ಬರು ಮಕ್ಕಳು: ಇಬ್ಬರೂ ನೀರನ್ನು ನೋಡುತ್ತಾರೆ, ಏರಿಯನ್ನು ನೋಡುವುದಿಲ್ಲ.

ಇದು ವಿದ್ವಾಂಸರ ಒಳಜಗಳವೆಂದು ತಳ್ಳಿಹಾಕುವವರು ತಾಲ್ಲೂಕು ಕಚೇರಿಗೆ ಹೋಗಿ ಬರಲಿ. ಬಡಾವಣೆಗೆ ಕೆರೆಯಂಗಳ ಕೇಳುವವನ ಕೈಯಲ್ಲಿ ‘ಹಳೆಯ ನಕ್ಷೆಯಲ್ಲೇ ಇದು ಒಣ ಕೆರೆ’ ಎಂಬ ವಾದಕ್ಕಿಂತ ಸುಲಭದ ಆಯುಧ ಬೇರೊಂದಿಲ್ಲ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಯ ಮೂಲಕ ಈ ಜಿಲ್ಲೆಯ ಸರಣಿ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಗುಣದ ಬಗ್ಗೆ ಜಗಳವಿದೆ, ಇರಲಿ; ಹರಿಯಲು ಅದಕ್ಕೆ ದಾರಿಯಾದದ್ದು ಆ ಒಣ ಕೆರೆಗಳ ಏರಿ, ಕೋಡಿ, ಕಾಲುವೆಗಳೇ ಎಂಬುದರಲ್ಲಿ ಜಗಳವಿಲ್ಲ.

ಆದ್ದರಿಂದ ಜಿಲ್ಲೆಯ ಇತಿಹಾಸಕ್ಕೆ ಟೋಪೋಶೀಟು ಹಿಡಿಯುವವರು ಮೊದಲು ಅಂಚಿನ ಋತುವನ್ನು ಓದಲಿ, ಆಮೇಲೆ ಸಂಕೇತ ಸೂಚಿಯನ್ನು, ಅನಂತರ ಏರಿ, ಕೋಡಿ, ಕಾಲುವೆಯನ್ನು. ಗ್ರಾಮನಕ್ಷೆ, ಆಕಾರಬಂದು, ಶಾಸನಗಳ ಜೊತೆ ತಾಳೆ ನೋಡಿದಮೇಲೆಯೇ ಕೆರೆ ಸತ್ತಿತ್ತೆಂದೋ ಬದುಕಿತ್ತೆಂದೋ ಬರೆಯಲಿ. ಹಿರಿಯರ ಪುಸ್ತಕದ ಮುಂದಿನ ಮುದ್ರಣದಲ್ಲಿ ಆ ‘ಒಣ ಕೆರೆ’ಗಳ ಅಂಕಣವನ್ನು ಎರಡಾಗಿ ಸೀಳಬೇಕು: ಏರಿ ಅಖಂಡವಾಗಿರುವವು, ಏರಿ ಒಡೆದವು. ಮೊದಲನೆಯ ಅಂಕಣ ಉದ್ದವಾಗುತ್ತದೆಂಬುದು ನನ್ನ ನಂಬಿಕೆ. ಹಾಗಾಗದಿದ್ದರೆ ಅವರ ತೀರ್ಮಾನಕ್ಕೆ ಈಗಿಲ್ಲದ ಆಧಾರವೊಂದು ಸಿಗುತ್ತದೆ. ಹೇಗಾದರೂ ಎಣಿಕೆ ಹೊಸದಾಗಿ ಆಗಲೇಬೇಕು.